ಕಾವಲುಗಾರನ ಪಾಲು

ಬುದ್ಧಿಯುಂಟು, ಮಾತುಂಟು, ಹಸಿವು ನಿದ್ರೆಗಳುಂಟು, ಹೆಂಡಿರು ಮಕ್ಕಳುಂಟು, ರೋಗ ಬಂದರೆ ನರಳುವ ದೇಹವೂ ಕಾಲ ಬಂದರೆ ಅಳಿಯುವ ಆಯುಸ್ಸೂ ಉಂಟು, ಆದರೆ ಆತ್ಮವೊಂದಿಲ್ಲ. ಇಂಥ ಜೀವಿಗಳ ವರ್ಗವೊಂದು ಸೃಷ್ಟಿಯಲ್ಲಿರುವುದು ಸಾಧ್ಯವೆ, ಇರುವುದಾದರೆ ದೇವರು ಅದನ್ನು ಯಾವ ಪ್ರಯೋಜನವನ್ನು ನೆನೆದು ನಿರ್ಮಿಸಿದನು ಎಂಬ ಪ್ರಶ್ನೆಯನ್ನು ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಪೂರ್ಣ ಗಾಂಭೀರ್ಯದಿಂದ ಎತ್ತಿಕೊಂಡವನು ಪ್ಯಾರಸೆಲ್ಸಸ್ ಎಂಬ ವೈದ್ಯ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಊರೂರು ತಿರುಗಿ, ವಿದ್ವಾಂಸರೊಡನೆ ಕಲಹವಾಡಿ, 1541ರಲ್ಲಿ ಸಾಲ್ಟ್ಸ್‌ಬರ್ಗ್ ನಗರದಲ್ಲಿ ತೀರಿಕೊಂಡ ಈತನು ಬರೆದಿಟ್ಟ ಪ್ರಬಂಧವೊಂದು ಆತನ ಮರಣಾನಂತರ 1566ರಲ್ಲಿ ಅಚ್ಚಾಯಿತು. ನೀರಿನಲ್ಲಿ ನಿಂಫ್‌ಗಳು, ಗಾಳಿಯಲ್ಲಿ ಸಿಲ್ಫ್‌ಗಳು, ಬೆಂಕಿಯಲ್ಲಿ ಸಾಲಮಾಂಡರ್‌ಗಳು, ಮಣ್ಣಿನಲ್ಲಿ ನೋಮ್‌ಗಳು ಎಂದು ನಾಲ್ಕು ಭೂತಗಳಿಗೆ ನಾಲ್ಕು ಪ್ರಜಾವರ್ಗಗಳನ್ನು ಅದರಲ್ಲಿ ಆತನು ಹೇಳಿದ್ದಾನೆ. ಮೀನಿಗೆ ನೀರು ಹೇಗೋ, ನಮಗೆ ಗಾಳಿ ಹೇಗೋ, ಹಾಗೆ ನೋಮ್‌ಗೆ ಮಣ್ಣು. ಬಂಡೆಯೂ ಗೋಡೆಯೂ ಅವನ ನಡಿಗೆಗೆ ತಡೆಯಲ್ಲ. ಇಂದು ಯೂರೋಪಿನ ಮನೆಯಂಗಳಗಳಲ್ಲಿ ಚೂಪಾದ ಕೆಂಪು ಟೊಪ್ಪಿಗೆಯನ್ನಿಟ್ಟು, ಬಿಳಿಯ ಗಡ್ಡವನ್ನು ಬಿಟ್ಟು, ಗುದ್ದಲಿಯನ್ನೋ ಗಾಳವನ್ನೋ ಹಿಡಿದು ನಿಂತಿರುವ ಮಣ್ಣಿನ ಬೊಂಬೆಗೂ, ಮಕ್ಕಳ ಚಿತ್ರಪುಸ್ತಕಗಳ ಪುಟ್ಟ ಮುದುಕನಿಗೂ ಹೆಸರು ಬಂದುದು ಇಲ್ಲಿಂದ.

ಪ್ಯಾರಸೆಲ್ಸಸನು ಇದನ್ನು ಪುಸ್ತಕಗಳ ನಡುವೆ ಕುಳಿತು ಕಲ್ಪಿಸಿದವನಲ್ಲ. ಅವನ ತಂದೆಯು ಗಣಿಗಳ ಸೀಮೆಯಾದ ಫಿಲಾಖ್ ಪಟ್ಟಣದಲ್ಲಿ ವೈದ್ಯನಾಗಿದ್ದನು. ಮಗನು ಟಿರೋಲಿನ ಗಣಿಗಳಲ್ಲಿ ಓಡಾಡಿ, ಗಣಿಗಾರರ ಪುಪ್ಪುಸಗಳನ್ನು ತಿನ್ನುವ ರೋಗವನ್ನು ಕುರಿತು ಪ್ರತ್ಯೇಕವಾದ ಗ್ರಂಥವನ್ನೇ ಬರೆದನು. ಅದೇ ಕಾಲದಲ್ಲಿ ಯೋಆಕಿಮ್ಸ್‌ಟಾಲ್ ಎಂಬ ಬೆಳ್ಳಿಗಣಿಯ ಊರಿನಲ್ಲಿ ವೈದ್ಯವೃತ್ತಿಯನ್ನು ನಡೆಸಿದ್ದ ಗಿಯಾರ್ಗಿಯಸ್ ಅಗ್ರಿಕೋಲನು, ಲೋಹಶಾಸ್ತ್ರಕ್ಕೆ ಬುನಾದಿ ಹಾಕಿದ ಆ ಮಹಾಪಂಡಿತನು, ಭೂಗರ್ಭದ ಪ್ರಾಣಿಗಳನ್ನು ಕುರಿತು 1549ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಗಣಿಗಾರರ ಉಡುಪನ್ನೇ ತೊಟ್ಟು, ಸೊಂಟಕ್ಕೆ ತೊಗಲಿನ ವಸ್ತ್ರವನ್ನು ಕಟ್ಟಿಕೊಂಡು, ಅದಿರನ್ನು ಅಗೆಯುವಂತೆಯೂ ಸಾಗಿಸುವಂತೆಯೂ ನಟಿಸುತ್ತ ಸುರಂಗಗಳಲ್ಲಿ ಸುಳಿಯುವ ಕುಬ್ಜರನ್ನು ವರ್ಣಿಸಿದ್ದಾನೆ. ಇವರಲ್ಲಿ ಸಾಧುಗಳೂ ಉಂಟು, ಕ್ರೂರರೂ ಉಂಟು ಎಂಬುದು ಅವನ ಮತ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರದ ಗಣಿಗಳಲ್ಲಿ ಇವರ ಬಂಧುಗಳಿಗೆ ನಾಕರ್‌ಗಳೆಂದು ಹೆಸರು. ಬಂಡೆಯ ಒಳಗಿನಿಂದ ಕೇಳಿಬರುವ ಟಕಟಕ ಸದ್ದು ಅವರ ಸುತ್ತಿಗೆಯ ಸದ್ದು. ಗಣಿಗಾರನು ತನ್ನ ಬುತ್ತಿಯ ಕಡೆಯ ತುಣುಕನ್ನು ಅವರಿಗಾಗಿ ಸುರಂಗದಲ್ಲಿಯೇ ಬಿಟ್ಟು ಬರುತ್ತಿದ್ದನು. 1880ರಿಂದಾಚೆಗೆ ಜಾನ್ ಟೇಲರ್ ಕಂಪನಿಯವರು ನಮ್ಮ ಕೋಲಾರದಲ್ಲಿ ಚಿನ್ನದ ಗಣಿಗಳನ್ನು ನಡೆಸತೊಡಗಿದಾಗ ಅಲ್ಲಿಗೆ ಬಂದಿಳಿದ ಅನುಭವಿಗಳಾದ ಗಣಿಗಾರರಲ್ಲಿ ಅನೇಕರು ಈ ಕಾರ್ನ್‌ವಾಲಿನವರೇ. ಮೇಲಿನ ಭಾರಕ್ಕೆ ಊರುಗೋಲಿನ ಮರ ನರಳುವುದು, ಬಂಡೆಯು ಬಿರಿಯುವ ಮುನ್ನ ಸಣ್ಣಗೆ ಸಿಡಿಯುವುದು, ಇವೇ ಆ ಸದ್ದಿಗೆ ಕಾರಣವೆಂದು ಇಂದು ನಾವು ಹೇಳುತ್ತೇವೆ. ಹೇಳೋಣ. ಆದರೆ ನಾಕರ್‌ನ ಸದ್ದಿಗೆ ಕಿವಿಗೊಟ್ಟು ಸುರಂಗದಿಂದ ಹೊರಗೆ ಓಡಿಬಂದವನ ಪ್ರಾಣ ಉಳಿಯಿತೆಂಬುದೂ ನಿಜವೇ. ನೆಲದ ಮಾತನ್ನು ಆಲಿಸುವ ವಿನಯವನ್ನು ಆ ನಂಬಿಕೆಯು ಅವನಿಗೆ ಕಲಿಸಿತ್ತು.

ಪ್ಯಾರಸೆಲ್ಸಸನ ಪ್ರಬಂಧದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದದ್ದು ನೋಮ್‌ನ ಆಕಾರವಲ್ಲ, ಅವನ ಅಧಿಕಾರ. ದೇವರು ತನ್ನ ಸೃಷ್ಟಿಯಲ್ಲಿ ಯಾವುದನ್ನೂ ಕಾವಲಿಲ್ಲದೆ ಬಿಡಲಿಲ್ಲ ಎನ್ನುತ್ತಾನೆ ಆತ. ಭೂಮಿಯೊಳಗಿನ ಲೋಹಗಳೂ ನಿಧಿಗಳೂ ಒಂದೇ ತಲೆಮಾರಿನ ಕೈಗೆ ಸಿಕ್ಕಿ ಸೂರೆಯಾಗದಂತೆ, ಆದಿಯಿಂದ ಅಂತ್ಯದವರೆಗಿನ ಎಲ್ಲ ಕಾಲಗಳಿಗೂ ಹಂಚಿಕೆಯಾಗಿ, ಇಂದಿಷ್ಟು ನಾಳೆಯಿಷ್ಟು ಎಂದು ಹೊರಬರುವಂತೆ ನೋಡಿಕೊಳ್ಳುವುದೇ ನೋಮ್‌ಗಳಿಗೆ ವಿಧಿಸಿದ ಕೆಲಸ. ಕಾಲ ಒದಗಿದಾಗ ಅವರು ತಾವಾಗಿ ಆ ಸ್ಥಳವನ್ನು ಬಿಟ್ಟು ಹೋಗುವರು. ಆಗ ನಿಧಿಯು ಮನುಷ್ಯನಿಗೆ ದೊರಕುವುದು. ಇಲ್ಲಿ ಒಂದು ವಿಚಿತ್ರವಾದ ತಾರತಮ್ಯವು ಗೋಚರಿಸುತ್ತದೆ. ಆತ್ಮವುಳ್ಳವನು ಮನುಷ್ಯ, ಮೋಕ್ಷಕ್ಕೆ ಬಾಧ್ಯನು ಅವನೇ, ಸ್ವರ್ಗನರಕಗಳು ಅವನಿಗೇ. ನೋಮ್‌ಗೆ ಇವೊಂದೂ ಇಲ್ಲ. ಸತ್ತರೆ ಅವನು ಪಶುವಿನಂತೆ ಸಂಪೂರ್ಣವಾಗಿ ಅಳಿದುಹೋಗುವನು. ಹೀಗಿದ್ದರೂ ಮುಂದಿನವರಿಗಾಗಿ ಉಳಿಸುವ ಹೊಣೆ ಬಿದ್ದುದು ಅವನ ಮೇಲೆ. ಪುಣ್ಯದ ಫಲವನ್ನು ಎಂದಿಗೂ ಕಾಣಲಾರದವನು ಕರ್ತವ್ಯದಲ್ಲಿ ನಿಂತಿದ್ದಾನೆ. ಫಲಕ್ಕೆ ಅರ್ಹನಾದವನು ಅಗೆದು ಬಾಚಿಕೊಳ್ಳುವ ಆತುರದಲ್ಲಿದ್ದಾನೆ. ಫಲಾಪೇಕ್ಷೆಯಿಲ್ಲದ ಕರ್ಮವೆಂದು ನಾವು ಕೇಳಿ ಬೆಳೆದಿರುವ ಆದರ್ಶವು, ಫಲವೇ ಇಲ್ಲವೆಂದು ಗೊತ್ತಿರುವ ಜೀವಿಯೊಂದರಲ್ಲಿ ಹೀಗೆ ಮೂರ್ತಿಮಂತವಾದುದನ್ನು ಕಂಡಾಗ ನನಗೆ ಆಶ್ಚರ್ಯಕ್ಕಿಂತ ಹೆಚ್ಚಾಗಿ ಗೌರವವುಂಟಾಯಿತು.

ಗಣಿಯಿಂದ ಹೊಲಕ್ಕೆ ಬಂದರೆ ಈ ಭಾವನೆಯು ಇನ್ನೂ ಆಪ್ತವಾಗುತ್ತದೆ. ಸ್ವೀಡನ್ನಿನವರು ತೋಮ್ತೆ ಎಂದೂ, ನಾರ್ವೆ ಡೆನ್ಮಾರ್ಕ್‌ಗಳವರು ನಿಸ್ಸೆ ಎಂದೂ ಕರೆಯುವ ಹಟ್ಟಿಯ ಕುಬ್ಜನು ಹೊಲಮನೆಯೊಂದಕ್ಕೆ ಸೇರಿದವನು. ಆ ನೆಲವನ್ನು ಮೊಟ್ಟಮೊದಲು ಕಡಿದು ಹಸನು ಮಾಡಿದ ಆದಿಪುರುಷನೇ, ದಿಬ್ಬದಡಿಯಲ್ಲಿ ಸಮಾಧಿಯಾದ ಮೇಲೂ ಬಿಟ್ಟುಹೋಗಲಾರದೆ ಹೀಗೆ ಸುಳಿಯುತ್ತಿರುವನೆಂದು ಕೆಲವು ಕಡೆಗಳಲ್ಲಿ ನಂಬಿಕೆ. ರಾತ್ರಿಯ ಹೊತ್ತು ದನಗಳಿಗೆ ಮೇವು ಹಾಕುವನು, ಕುದುರೆಯ ಮೈಯುಜ್ಜುವನು, ಅದರ ಕೇಸರವನ್ನು ಹೆಣೆಯುವನು. ಪಶುಗಳನ್ನು ಹಿಂಸಿಸುವ ಆಳಿಗೂ, ಕೊಟ್ಟಿಗೆಯಲ್ಲಿ ಹೊಲಸು ಮಾತಾಡುವವನಿಗೂ ಕಪಾಳಕ್ಕೆ ಬಿಗಿಯುವನು. ಇಷ್ಟಕ್ಕೆಲ್ಲ ಅವನು ಬಯಸುವುದು ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿನ ಹಿಂದಿನ ಇರುಳು, ಒಂದು ಬಟ್ಟಲು ಗಂಜಿ, ಅದರ ಮೇಲೊಂದು ಬೆಣ್ಣೆಯ ಮುದ್ದೆ.

ಈ ಬೆಣ್ಣೆಯ ವಿಷಯದಲ್ಲಿ ಆ ನಾಡುಗಳಲ್ಲೆಲ್ಲ ಹಬ್ಬಿರುವ ಒಂದು ಕಥೆಯುಂಟು. ಒಂದು ಹಟ್ಟಿಯ ಕೆಲಸದ ಹುಡುಗಿ, ನೋಡೋಣವೆಂಬ ಚೇಷ್ಟೆಯಿಂದ, ಬೆಣ್ಣೆಯನ್ನು ಮೇಲಿಡದೆ ಬಟ್ಟಲಿನ ತಳಕ್ಕೆ ಹಾಕಿ ಮೇಲೆ ಗಂಜಿಯನ್ನು ಹೊಯ್ದಳು. ನಿಸ್ಸೆ ಬಂದು ನೋಡಿದ, ಬೆಣ್ಣೆ ಕಾಣಲಿಲ್ಲ. ವರ್ಷವೆಲ್ಲ ದುಡಿದುದಕ್ಕೆ ಇದೇ ಪ್ರತಿಫಲವೇ ಎಂದು ಕೆರಳಿ, ಕೊಟ್ಟಿಗೆಗೆ ನುಗ್ಗಿ, ಅಲ್ಲಿದ್ದ ಹಸುಗಳಲ್ಲೆಲ್ಲ ಮೇಲಾದುದನ್ನು ಕೊಂದುಬಿಟ್ಟ. ಬಳಿಕ ಹಸಿವು ತಡೆಯದೆ ಹಿಂದಿರುಗಿ ಗಂಜಿಯನ್ನು ಉಣ್ಣತೊಡಗಿದಾಗ ತಳದಲ್ಲಿ ಬೆಣ್ಣೆ ಸಿಕ್ಕಿತು. ಅವನ ಸಂಕಟಕ್ಕೆ ಪಾರವೇ ಇಲ್ಲವಾಯಿತು. ಆ ಇರುಳೇ ಹೊರಟುಹೋಗಿ, ಕೊಂದುದರಂತೆಯೇ ಇದ್ದ ಇನ್ನೊಂದು ಹಸುವನ್ನು ದೂರದ ಹಟ್ಟಿಯಿಂದ ತಂದು ಕಟ್ಟಿದನೆಂದು ಕೆಲವರೂ, ಸತ್ತ ಹಸುವಿನ ಪಕ್ಕದಲ್ಲಿ ಹಣದ ಪೆಟ್ಟಿಗೆಯನ್ನಿಟ್ಟನೆಂದು ಕೆಲವರೂ ಹೇಳುತ್ತಾರೆ.

ಈ ಚಿಕ್ಕ ಕಥೆಯಲ್ಲಿ ಧರ್ಮಶಾಸ್ತ್ರದ ದೊಡ್ಡ ಸಮಸ್ಯೆಯೊಂದು ಅಡಗಿದೆಯೆಂದು ನಾನು ಬಲವಾಗಿ ನಂಬುತ್ತೇನೆ. ಕ್ರೋಧ, ತಪ್ಪು ತಿಳಿವಳಿಕೆ, ಪಾತಕ, ಸತ್ಯದ ದರ್ಶನ, ಪಶ್ಚಾತ್ತಾಪ, ಪ್ರಾಯಶ್ಚಿತ್ತ ಇವೆಲ್ಲ ಒಂದು ಇರುಳಿನೊಳಗೆ ನಡೆದುಹೋಗುತ್ತವೆ. ನಡೆಯುವುದು ಆತ್ಮವಿಲ್ಲದವನೆಂದು ಪಂಡಿತರು ತೀರ್ಮಾನಿಸಿದ ಜೀವಿಯ ಎದೆಯಲ್ಲಿ. ಪಶ್ಚಾತ್ತಾಪಪಡಬಲ್ಲವನಿಗೆ ಆತ್ಮವಿಲ್ಲವೆಂದರೆ ಆತ್ಮವೆಂಬುದಕ್ಕೆ ಉಳಿಯುವ ಲಕ್ಷಣವಾದರೂ ಏನು? ಕಥೆಯನ್ನು ಕಟ್ಟಿದ ರೈತಾಪಿ ಜನರು ಈ ಪ್ರಶ್ನೆಯನ್ನು ಈ ಮಾತುಗಳಲ್ಲಿ ಕೇಳಿದವರಲ್ಲ. ಆದರೂ ತಮ್ಮ ಹಟ್ಟಿಯ ಕುಬ್ಜನಿಗೆ ಅಂತಃಕರಣವನ್ನು ಕೊಡುವಾಗ ಅವರು ಯಾವ ಅಧಿಕಾರಿಯ ಅಪ್ಪಣೆಗೂ ಕಾಯಲಿಲ್ಲ. ಪ್ಯಾರಸೆಲ್ಸಸನೇ ಇನ್ನೊಂದು ದಾರಿಯನ್ನು ತೆರೆದಿದ್ದಾನೆ. ಈ ಭೂತಜೀವಿಗಳು ಮನುಷ್ಯನೊಡನೆ ದಾಂಪತ್ಯದಲ್ಲಿ ಸೇರಿದರೆ ಅವಕ್ಕೆ ಆತ್ಮಲಾಭವಾಗುವುದೆಂದು ಅವನು ಹೇಳಿದ ಮಾತಿನಿಂದಲೇ 1811ರಲ್ಲಿ ಜರ್ಮನಿಯ ಫೂಕೆ ತನ್ನ ಜಲಕನ್ಯೆ ಉಂಡೀನಳ ಕಥೆಯನ್ನು ಬೆಳೆಸಿದನು. ಸಂಬಂಧದಿಂದ ಆತ್ಮ ದೊರೆಯುತ್ತದೆಂಬ ಈ ವಿಚಾರವನ್ನು ದಾಂಪತ್ಯಕ್ಕೆ ಮಾತ್ರ ಮಿತಗೊಳಿಸಬೇಕಾದ ಕಾರಣವು ನನಗೆ ತೋರುವುದಿಲ್ಲ. ವರ್ಷಕ್ಕೊಂದು ಬಟ್ಟಲು ಗಂಜಿಯೂ ಸಂಬಂಧವೇ.

ಚರ್ಚಿನವರು ಇದನ್ನು ಒಪ್ಪಲಿಲ್ಲ. ಅವರ ವ್ಯವಸ್ಥೆಯಲ್ಲಿ ದೇವದೂತರಿಗೆ ಸ್ಥಾನವಿತ್ತು, ಸೈತಾನನ ಪರಿವಾರಕ್ಕೆ ಸ್ಥಾನವಿತ್ತು. ಎರಡಕ್ಕೂ ಸೇರದೆ ಕೊಟ್ಟಿಗೆಯಲ್ಲಿ ಹುಲ್ಲು ಹಾಕಿಕೊಂಡಿರುವವನಿಗೆ ಸ್ಥಾನವಿರಲಿಲ್ಲ. ಹದಿನಾಲ್ಕನೆಯ ಶತಮಾನದ ಸ್ವೀಡನ್ನಿನ ಸಂತಳಾದ ಬಿರ್ಗಿತ್ತಳು, ದೇವರಿಗೆ ಸಲ್ಲಬೇಕಾದುದನ್ನು ಮನೆಯ ನೆಲದ ದೇವತೆಗಳಿಗೆ ಒಪ್ಪಿಸುವ ವಾಡಿಕೆಯನ್ನು ತನ್ನ ದರ್ಶನಗ್ರಂಥದಲ್ಲಿ ಖಂಡಿಸಿದ್ದಾಳೆ. ಆ ತಾಯಿಯ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಭಯದಿಂದ ನೀಡುವ ಕಾಣಿಕೆಯು ಲಂಚವೇ. ಬೆಣ್ಣೆ ಕೊಡದಿದ್ದರೆ ಹಸು ಸತ್ತೀತೆಂಬ ಅಂಜಿಕೆಯಲ್ಲಿ ಭಕ್ತಿಯೂ ಇಲ್ಲ, ಧರ್ಮವೂ ಇಲ್ಲ. ಆದರೆ ಆಕೆ ಪೂಜೆಯನ್ನೂ ಪಾಲನ್ನೂ ಒಂದೆಂದು ಎಣಿಸಿದಳೆಂದು ನನಗೆ ತೋರುತ್ತದೆ. ಪೂಜೆಯು ನಮಗಿಂತ ಮೇಲಾದವನಿಗೆ ಸಲ್ಲುವುದು, ಪಾಲು ನಮ್ಮೊಡನೆ ದುಡಿದವನಿಗೆ ಸಲ್ಲುವುದು. ರೈತನು ತೋಮ್ತೆಯ ಮುಂದೆ ಮೊಣಕಾಲೂರಲಿಲ್ಲ, ಪಾಪಕ್ಷಮೆಯನ್ನು ಬೇಡಲಿಲ್ಲ, ಅವನ ಹೆಸರಿನಲ್ಲಿ ಮಕ್ಕಳಿಗೆ ದೀಕ್ಷೆಯನ್ನು ಕೊಡಿಸಲಿಲ್ಲ. ಬಟ್ಟಲನ್ನು ಇಟ್ಟು, ಬಾಗಿಲನ್ನು ಮುಂದೆ ಮಾಡಿಕೊಂಡು ಬಂದನು. ಈ ಫಸಲು ನನ್ನ ತೋಳ್ಬಲವೊಂದರಿಂದಲೇ ಬಂದುದಲ್ಲ ಎಂಬ ಒಪ್ಪಿಗೆಗಿಂತ ಹೆಚ್ಚಿನದೇನೂ ಅದರಲ್ಲಿರಲಿಲ್ಲ. ಅದಕ್ಕಿಂತ ಕಡಿಮೆಯೂ ಇರಲಿಲ್ಲ.

ನಮ್ಮವರಿಗೆ ಈ ಭೇದವು ಅಪರಿಚಿತವಲ್ಲ. ಗೃಹಸ್ಥನು ದಿನವೂ ನಡೆಸಬೇಕಾದ ಪಂಚಮಹಾಯಜ್ಞಗಳಲ್ಲಿ ದೇವಯಜ್ಞವು ಬೇರೆ, ಭೂತಯಜ್ಞವು ಬೇರೆ. ಎರಡನೆಯದರ ಬಲಿಯನ್ನು ನೆಲದ ಮೇಲಿಡುವುದು ನಾಯಿ ಕಾಗೆ ಕ್ರಿಮಿಕೀಟಗಳಿಗೂ ಸಲ್ಲಲೆಂದು. ವಿಜಾಪುರ ಕಲಬುರಗಿ ಬೀದರುಗಳ ಕಡೆ ಎಳ್ಳಮಾವಾಸ್ಯೆಯ ದಿನ, ಬಂಡಿ ಕಟ್ಟಿಕೊಂಡು, ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬುಗಳ ಬುತ್ತಿಯನ್ನು ಹೊತ್ತು ಹೊಲಕ್ಕೆ ಹೋಗುವ ಒಕ್ಕಲಿನವರು, ತಾವು ಉಣ್ಣುವ ಮೊದಲು ಬೆಳೆಯ ಸಾಲುಗಳ ನಡುವೆ ಚರಗ ಚೆಲ್ಲಿ ಬರುತ್ತಾರೆ. ಹೊಲದ ಆ ಅನ್ನವನ್ನು ತಿನ್ನುವವರು ಯಾರೆಂದು ಅವರು ವಿಚಾರಣೆ ನಡೆಸುವುದಿಲ್ಲ. ಒಂದೇ ಚಳಿಗಾಲದಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಹಿಮದ ನಾಡಿನ ಹಟ್ಟಿಯಲ್ಲಿ ಗಂಜಿಯೂ ಎರೆಮಣ್ಣಿನ ಹೊಲದಲ್ಲಿ ಚರಗವೂ ಸಲ್ಲುತ್ತಿದ್ದುದನ್ನು ನೆನೆದರೆ, ಈ ಎರಡು ಜನಗಳಿಗೂ ಒಬ್ಬರಿಂದೊಬ್ಬರು ಕಲಿಯಬೇಕಾದ ಅಗತ್ಯವೇ ಇರಲಿಲ್ಲವೆಂದು ತೋರುತ್ತದೆ. ಉಳುವ ಕೆಲಸವೇ ಇಬ್ಬರಿಗೂ ಗುರುವಾಗಿದ್ದಿತು.

ಇನ್ನು ಉದ್ಯಾನದ ಬೊಂಬೆಯ ಮಾತು. ಇದರ ಕುಲಚರಿತ್ರೆಯಲ್ಲಿ ನೋವಿನ ಅಧ್ಯಾಯವೊಂದಿದೆ. ಪ್ಯಾರಸೆಲ್ಸಸನು ಮಣ್ಣಾದ ಸಾಲ್ಟ್ಸ್‌ಬರ್ಗಿನಲ್ಲಿಯೇ, ಹದಿನೇಳನೆಯ ಶತಮಾನದ ಕೊನೆಯಲ್ಲಿ, ಮಿರಾಬೆಲ್ ಅರಮನೆಯ ತೋಟಕ್ಕಾಗಿ ಆರ್ಚ್‌ಬಿಷಪ್ಪನೊಬ್ಬನು ಅಮೃತಶಿಲೆಯ ಕುಬ್ಜಮೂರ್ತಿಗಳನ್ನು ಕೆತ್ತಿಸಿದನು. ಅಂದಿನ ಆಸ್ಥಾನಗಳಲ್ಲಿ ಮನುಷ್ಯರಾಗಿ ಹುಟ್ಟಿ ಗಿಡ್ಡರಾಗಿ ಬೆಳೆದವರನ್ನು ವಿನೋದಕ್ಕಾಗಿ ಇಟ್ಟುಕೊಳ್ಳುವ ಪದ್ಧತಿಯಿತ್ತು. ಆ ಮೂರ್ತಿಗಳ ಉಬ್ಬುಗಂಟಲು, ವಕ್ರವಾದ ಕೈಕಾಲುಗಳು ಅಂಥವರನ್ನು ನೆನಪಿಗೆ ತರುತ್ತವೆ. ಇಲ್ಲಿ ಕಾವಲುಗಾರನೂ ಇಲ್ಲ, ನೆರವಿಗನೂ ಇಲ್ಲ. ಆತ್ಮವುಳ್ಳ ಮನುಷ್ಯನನ್ನೇ ಆತ್ಮವಿಲ್ಲದವನಂತೆ ನೋಡಿದ ಕಣ್ಣು ಮಾತ್ರ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅವು ಹರಾಜಾಗಿ ಚೆದರಿಹೋದವು. ಅವುಗಳಲ್ಲಿ ಹಲವನ್ನು ಅನಂತರ ಮರಳಿ ತಂದು ನಿಲ್ಲಿಸಿದ್ದಾರೆ.

ಇದಕ್ಕೆ ತೀರ ವಿರುದ್ಧವಾದ ಮನೋಧರ್ಮದಿಂದ ಕುಬ್ಜನನ್ನು ತೋಟಕ್ಕೆ ಕರೆದವನು ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್‌ನ ಲ್ಯಾಂಪೋರ್ಟ್ ಹಾಲ್ ಎಂಬ ಬಂಗಲೆಯ ಒಡೆಯನಾದ ಸರ್ ಚಾರ್ಲ್ಸ್ ಐಷಮ್. ಶಾಕಾಹಾರಿಯೂ ಪ್ರೇತಾತ್ಮವಾದಿಯೂ ಆಗಿದ್ದ ಈ ದೊಡ್ಡಮನುಷ್ಯನು 1847ರಲ್ಲಿ ಮನೆಯ ಪಕ್ಕದಲ್ಲಿ ಕಲ್ಲಿನ ಗುಡ್ಡವೊಂದನ್ನು ಕಟ್ಟಿಸಲು ತೊಡಗಿ, ಅದರ ಸಂದುಗಳಲ್ಲಿ ಗಿಡ್ಡ ಜಾತಿಯ ಮರಗಳನ್ನು ಬೆಳೆಸಿ, ಜರ್ಮನಿಯಿಂದ ತರಿಸಿದ ಮಣ್ಣಿನ ನೋಮ್‌ಗಳನ್ನು ಗಣಿಗಾರರಂತೆ ಅಲ್ಲಲ್ಲಿ ನೆಲೆಗೊಳಿಸಿದನು. ಗಣಿಗಳಲ್ಲಿ ನೋಮ್‌ಗಳು ನಿಜವಾಗಿ ಇರುವರೆಂದೇ ಅವನ ನಂಬಿಕೆ; ಬೊಂಬೆಗಳು ಅವನಿಗೆ ಅಲಂಕಾರವಾಗಿರದೆ ಸಾಕ್ಷಿಗಳಾಗಿದ್ದವು. 1903ರಲ್ಲಿ ಅವನು ಕಾಲವಾದ ಮೇಲೆ ಹೆಣ್ಣುಮಕ್ಕಳು ಅವನ್ನು ತೆಗೆಸಿಹಾಕಿದರು; ಕಲ್ಲಿನ ಬಿರುಕೊಂದರಲ್ಲಿ ಅಡಗಿದ್ದ ಒಂದು ಮಾತ್ರ ಉಳಿದು, ಇಂದು ಅಮೂಲ್ಯವಾದ ಸ್ವತ್ತೆಂದು ಕಾಪಾಡಲ್ಪಡುತ್ತಿದೆ. ಇತ್ತ ಜರ್ಮನಿಯ ಟ್ಯೂರಿಂಗಿಯಾ ಸೀಮೆಯ ಗ್ರೇಫನ್‌ರೋಡಾ ಗ್ರಾಮದಲ್ಲಿ 1870ರ ದಶಕದಿಂದ ಹೈಸ್ನರ್, ಗ್ರೀಬೆಲ್ ಮೊದಲಾದ ಕುಶಲಕರ್ಮಿಗಳ ಮನೆತನಗಳು ಮಣ್ಣನ್ನು ಅಚ್ಚಿಗೆ ಹಾಕಿ, ಸುಟ್ಟು, ಬಣ್ಣ ಬಳಿದು ಇವನ್ನು ಮನೆಮನೆಗೂ ಮುಟ್ಟಿಸಿದವು. ಬಡವರ ತೋಟಕ್ಕೂ ಕುಬ್ಜ ಬಂದ; ಬಂದುದರಿಂದಲೇ ಅವನು ಅಭಿರುಚಿಹೀನನೆಂದು ಸಿರಿವಂತರ ತೋಟಗಳಿಗೆ ಬೇಡವಾದ. ಲಂಡನ್ನಿನ ಚೆಲ್ಸಿ ಪುಷ್ಪಪ್ರದರ್ಶನದಲ್ಲಿ ಅವನಿಗಿದ್ದ ಬಹಿಷ್ಕಾರವನ್ನು 2013ರಲ್ಲಿ, ಶತಮಾನೋತ್ಸವದ ನೆಪದಲ್ಲಿ, ಸಡಿಲಿಸಿದರು. ಅಭಿರುಚಿಯ ಈ ವ್ಯಾಜ್ಯದಲ್ಲಿ ನನಗೆ ಆಸಕ್ತಿಯಿಲ್ಲ. ನನ್ನನ್ನು ಕಾಡುವುದು ಬೇರೆ: ತೋಟದ ಬೊಂಬೆಯು ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಅದರ ಮುಂದೆ ಬಟ್ಟಲಿಲ್ಲ. ಅದನ್ನು ಕೊಂಡವನು ಹಣವನ್ನು ತೆತ್ತುದರಿಂದಲೇ ಋಣ ತೀರಿತೆಂದು ತಿಳಿಯುತ್ತಾನೆ. ಕಾವಲುಗಾರನು ತಾನು ಕಾಯಬೇಕಾದ ನೆಲದಂತೆಯೇ ಕ್ರಯಕ್ಕೆ ಸಿಕ್ಕುವ ಸೊತ್ತಾದನು.

ಮಕ್ಕಳ ವಿನೋದದಲ್ಲಿ ನಡೆದ ಪರಿವರ್ತನೆಯು ಇನ್ನೂ ಆಳವಾದದ್ದು. 1812ರಲ್ಲಿ ಗ್ರಿಮ್ ಸೋದರರು ಅಚ್ಚಿಗೆ ಕೊಟ್ಟ ಕಥೆಯಲ್ಲಿ ಹಿಮಬಿಳಿಯಳಿಗೆ ಆಶ್ರಯವಿತ್ತ ಏಳು ಕುಬ್ಜರಿಗೆ ಬೇರೆಬೇರೆ ಹೆಸರುಗಳಿರಲಿಲ್ಲ. ಬೆಟ್ಟದಲ್ಲಿ ಅದಿರನ್ನು ಅಗೆಯುವ ಗಂಭೀರ ಶ್ರಮಿಕರು ಅವರು. 1937ರ ಡಿಸ್ನಿ ಚಲನಚಿತ್ರವು ಒಬ್ಬೊಬ್ಬರಿಗೆ ಒಂದೊಂದು ಸ್ವಭಾವವನ್ನೂ ಹೆಸರನ್ನೂ ಕೊಟ್ಟು ನಗೆಯ ಪಾತ್ರಗಳನ್ನಾಗಿ ಮಾಡಿತು. ಸ್ವೀಡನ್ನಿನಲ್ಲಿ 1881ರಲ್ಲಿ ವಿಕ್ತೋರ್ ರಿದ್‌ಬೆರಿ ಎಂಬ ಕವಿಯು ತೋಮ್ತೆಯನ್ನು ಕುರಿತು ಕವಿತೆಯೊಂದನ್ನು ಬರೆದನು. ಎಲ್ಲರೂ ಮಲಗಿದ ಚಳಿಗಾಲದ ಇರುಳಿನಲ್ಲಿ ಒಬ್ಬಂಟಿಯಾಗಿ ಎಚ್ಚತ್ತಿದ್ದು, ತಲೆಮಾರುಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುವುವೆಂದು ಚಿಂತಿಸುವ ತತ್ತ್ವಜಿಜ್ಞಾಸು ಆ ತೋಮ್ತೆ. ಅದಕ್ಕೆ ಚಿತ್ರ ಬರೆದವಳು ಯೆನಿ ನೀಸ್ತ್ರೋಮ್. ಆಕೆಯ ಕುಂಚದಿಂದ ಮುಂದೆ ಅಸಂಖ್ಯಾತವಾದ ಕ್ರಿಸ್ಮಸ್ ಕಾರ್ಡುಗಳು ಹೊರಟು, ಹಟ್ಟಿಯ ತೋಮ್ತೆಯು ಮನೆಮನೆಗೆ ಉಡುಗೊರೆ ಹೊತ್ತು ತರುವ ಅಜ್ಜನಾಗಿ ಮಾರ್ಪಟ್ಟನು. ಈ ಮಾರ್ಪಾಟಿನಲ್ಲಿ ದಾನದ ದಿಕ್ಕೇ ತಿರುಗಿತೆಂಬುದನ್ನು ಗಮನಿಸಬೇಕು. ಹಿಂದೆ ಮನೆಯವರು ಅವನಿಗೆ ಕೊಡುತ್ತಿದ್ದರು. ಈಗ ಅವನು ಮನೆಯವರಿಗೆ ಕೊಡುತ್ತಾನೆ. ಪಾಲನ್ನು ಪಡೆಯುವ ಹಕ್ಕಿದ್ದವನು ಸರಕನ್ನು ಒದಗಿಸುವವನಾದನು, ಕೊಡಲು ಕಲಿಯಬೇಕಾದ ಮಗುವು ಪಡೆಯಲು ಕಲಿಯಿತು.

ಆದರೂ ಮಕ್ಕಳ ಸಾಹಿತ್ಯವನ್ನು ದೂರಿ ಸುಮ್ಮನಾಗುವುದು ಅನ್ಯಾಯವಾದೀತು. ಇಂಗ್ಲೆಂಡಿನ ಡೆನಿಸ್ ವಾಟ್ಕಿನ್ಸ್ ಪಿಚ್‌ಫರ್ಡ್ 1942ರಲ್ಲಿ, ಮಹಾಯುದ್ಧದ ನಡುವೆ ಪ್ರಕಟಿಸಿ ಕಾರ್ನಿಗಿ ಪದಕವನ್ನು ಪಡೆದ ಕಾದಂಬರಿಯಲ್ಲಿ, ಹಳ್ಳದ ದಡದಲ್ಲಿ ಬದುಕುವ ನೋಮ್‌ಗಳು ತಮ್ಮ ಕುಲದ ಕಡೆಯವರು. ಹಾಲೆಂಡಿನ ವಿಲ್ ಹೈಗನ್ ಬರೆದು ರೀನ್ ಪೋರ್ಟ್‌ಫ್ಲೀಟ್ ಚಿತ್ರಿಸಿದ 1976ರ ಗ್ರಂಥವು ನೋಮ್‌ಗಳ ಆಹಾರ, ವೈದ್ಯ, ಗೃಹನಿರ್ಮಾಣಗಳನ್ನು ಪ್ರಾಣಿಶಾಸ್ತ್ರದ ಶಿಸ್ತಿನಿಂದ ವರ್ಣಿಸಿ, ಗಾಯಗೊಂಡ ಕಾಡುಪ್ರಾಣಿಗಳಿಗೆ ಅವರು ಮಾಡುವ ಶುಶ್ರೂಷೆಯನ್ನು ಪುಟಪುಟವಾಗಿ ತೋರಿಸುತ್ತದೆ. ಇವನ್ನು ಓದಿದ ಮಗುವು ಹಳ್ಳವನ್ನು ಕೇವಲ ನೀರೆಂದೂ, ಪೊದೆಯನ್ನು ಕೇವಲ ಕಸವೆಂದೂ ತಿಳಿಯಲಾರದು. ಅಲ್ಲಿ ಬೇರೊಬ್ಬರ ಸಂಸಾರವಿದ್ದೀತೆಂದು ಕಾಲನ್ನು ನೋಡಿ ಇಡುತ್ತದೆ. ಪ್ಯಾರಸೆಲ್ಸಸನ ಕಾವಲುಗಾರನು ಮಗುವಿನ ಹೆಜ್ಜೆಯಲ್ಲಿ ಮತ್ತೆ ಕೆಲಸಕ್ಕೆ ಬರುತ್ತಾನೆ.

ಮತ್ತು ಬಟ್ಟಲು ಪೂರ್ತಿಯಾಗಿ ಮರೆಯಾಗಿಲ್ಲ. ನಾರ್ವೆ ಡೆನ್ಮಾರ್ಕ್‌ಗಳ ಮನೆಗಳಲ್ಲಿ ಇಂದಿಗೂ ಕ್ರಿಸ್ಮಸ್ಸಿನ ಹೊತ್ತಿಗೆ ಮಕ್ಕಳ ಕೈಯಿಂದ ನಿಸ್ಸೆಗೆ ಗಂಜಿ ಇಡಿಸುವುದುಂಟು. ಅದೇ ಹಬ್ಬದಲ್ಲಿ ಓಟ್ಸ್ ತೆನೆಗಳ ಕಟ್ಟೊಂದನ್ನು ಕಂಬಕ್ಕೇರಿಸಿ ಹಕ್ಕಿಗಳಿಗೆ ಬಿಡುವ ವಾಡಿಕೆಯೂ ಉಂಟು. ಇಡಿಸುವ ತಾಯಿತಂದೆಗಳು ನಿಸ್ಸೆಯನ್ನು ನಂಬುವವರಲ್ಲ. ನಂಬದೆ ಮಾಡಿಸುವ ಆಚಾರವು ಮಗುವಿಗೆ ಹೇಳುವ ಸುಳ್ಳಲ್ಲವೆ ಎಂದು ಸತ್ಯನಿಷ್ಠರು ಕೇಳಬಹುದು. ಬೆಳೆದ ಮಗುವೇ ಒಂದು ದಿನ, ಅವನು ನಿಜವಾಗಿ ಬರುತ್ತಾನೆಯೆ ಎಂದು ಕೇಳಿಯೇ ಕೇಳುತ್ತದೆ. ಆಗ ಬರುತ್ತಾನೆಂದು ಸಾಧಿಸುವುದೂ ಬೇಡ, ಎಲ್ಲ ಆಟವೆಂದು ನಕ್ಕು ಬಟ್ಟಲನ್ನು ಒಳಗಿಡುವುದೂ ಬೇಡ. ಗಂಜಿಯನ್ನು ಬೆಕ್ಕು ನೆಕ್ಕಿತೆಂದೂ, ಉಳಿದುದನ್ನು ಇಲಿಯೂ ಹಕ್ಕಿಯೂ ತಿಂದುವೆಂದೂ ಇದ್ದುದನ್ನು ಇದ್ದಂತೆಯೇ ಹೇಳಬಹುದು. ಈ ಹಟ್ಟಿಯಲ್ಲಿ ನಮ್ಮೊಡನೆ ಇರುವವರು ಅವರೇ, ಬೆಕ್ಕಿಲ್ಲದಿದ್ದರೆ ಕಣಜವನ್ನು ಕಾಯುವವರಿರಲಿಲ್ಲ, ಆದುದರಿಂದ ಬಟ್ಟಲು ತಪ್ಪಿದ ವಿಳಾಸಕ್ಕೇನೂ ಹೋಗಲಿಲ್ಲವೆಂದು ಹೇಳಿ, ಮುಂದಿನ ವರ್ಷವೂ ಬೆಣ್ಣೆಯನ್ನು ಮೇಲೆ ಕಾಣುವಂತೆಯೇ ಇಡಲು ಆ ಮಗುವಿಗೇ ಒಪ್ಪಿಸಬಹುದು.